ಭಾನುವಾರದ ಇನ್ಸೆಂಟಿವ್ ಮತ್ತು ಬೀಸುವ ಕಲ್ಲು

ಪ್ರಶ್ನೆ: ಪಾದ್ರಿ ಅಯ್ಯನವರಿಗೆ ನಮಸ್ಕಾರ. ನಮ್ಮೂರು ಗದಗ-ಬೆಟಗೇರಿ. ಮೂರು ವರ್ಷದಿಂದ ಬೆಂಗಳೂರಿನಲ್ಲಿ ಫುಡ್ ಡೆಲಿವರಿ ಮಾಡುತ್ತಿದ್ದೇನೆ. ಭಾನುವಾರ ಲಾಗಿನ್ ಆಗದಿದ್ದರೆ ವಾರದ ಇನ್ಸೆಂಟಿವ್ ಹೋಗುತ್ತದೆ. ಹಾಗಾಗಿ ಚರ್ಚಿನ ಆರಾಧನೆಗೆ ಹೋಗುವುದು ತಿಂಗಳಿಗೊಮ್ಮೆ ಆದರೆ ಹೆಚ್ಚು. ನಮ್ಮ ಸಭೆಯ ಹಿರಿಯರೊಬ್ಬರು, 'ಸಬ್ಬತ್ತಿನ ವಿಶ್ರಾಂತಿ ಮುರಿದು ದುಡಿದ ದುಡ್ಡು ಕೈಯಲ್ಲಿ ನಿಲ್ಲೋದಿಲ್ಲ' ಅಂದರು. ನಮ್ಮಪ್ಪ, 'ಎಲ್ಲ ಕೆಲಸವೂ ದೇವರ ಕೆಲಸ, ಸುಮ್ನೆ ದುಡಿ' ಅನ್ನುತ್ತಾರೆ. ಆದರೆ ಲಿಫ್ಟ್ ಹತ್ತಬೇಡ ಅನ್ನುವ ಅಪಾರ್ಟ್‌ಮೆಂಟ್, ಮುಖ ನೋಡದೆ ಪಾರ್ಸಲ್ ಕಿತ್ತುಕೊಳ್ಳುವ ಕೈ, ಕಾರಣ ಹೇಳದೆ ನಾಲ್ಕು ದಿನ ಬ್ಲಾಕ್ ಆದ ಐಡಿ. ಇದರಲ್ಲಿ ಘನತೆ ಎಲ್ಲಿದೆ? ಬೈಬಲ್ ಕಾಲದಲ್ಲಿ ಆ್ಯಪ್ ಇರಲಿಲ್ಲ. ನಮ್ಮಂಥವರ ಬಗ್ಗೆ ಅದರಲ್ಲಿ ಏನಾದರೂ ಇದೆಯಾ?

ಉತ್ತರ: ಆ್ಯಪ್ ಇರಲಿಲ್ಲ, ಸರಿ. ಆದರೆ ಕೆಲಸಕ್ಕೆ ಕಾದು ನಿಂತವರು ಇದ್ದರು. ಮತ್ತಾಯ 20ನೇ ಅಧ್ಯಾಯ ತೆಗೆಯಿರಿ. ದ್ರಾಕ್ಷಿ ತೋಟದ ಯಜಮಾನ ಬೆಳಗಾಗುತ್ತಲೇ ಪೇಟೆಗೆ ಹೋಗಿ ಕೂಲಿಯವರನ್ನು ಕರೆಯುತ್ತಾನೆ. ದಿನಕ್ಕೆ ಒಂದು ದಿನಾರ ಅಂತ ಮಾತಾಗುತ್ತದೆ. ಒಂಬತ್ತಕ್ಕೆ ಮತ್ತೆ ಹೋಗುತ್ತಾನೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೆ. ಐದಕ್ಕೂ ಅಲ್ಲಿ ಜನ ನಿಂತೇ ಇದ್ದಾರೆ. ಯಾಕೆ ದಿನವಿಡೀ ಸುಮ್ಮನೆ ನಿಂತಿದ್ದೀರಿ ಅಂತ ಕೇಳುತ್ತಾನೆ. ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ.

ಈ ಭಾಗವನ್ನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆ ಉತ್ತರ ನನಗೆ ನಾಟಿದ್ದು ಮಾತ್ರ ನಮ್ಮ ಮನೆ ಹತ್ತಿರದ ಬಿರಿಯಾನಿ ಹೋಟೆಲ್ ಮುಂದೆ. ಎಂಟು ಹತ್ತು ಹುಡುಗರು ಬೈಕ್ ಮೇಲೆ ಅಡ್ಡಡ್ಡ ಕೂತಿದ್ದರು. ಒಬ್ಬ ಪೆಟ್ರೋಲ್ ಟ್ಯಾಂಕ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ, ಕೈಯಲ್ಲಿ ಫೋನ್ ಹಿಡಿದದ್ದು ಹಿಡಿದ ಹಾಗೇ. 'ಒಂದು ಗಂಟೆಯಿಂದ ಒಂದೂ ಆರ್ಡರ್ ಬಿದ್ದಿಲ್ಲ ಸಾರ್' ಅಂದ ಪಕ್ಕದವನು. ಆ ಒಂದು ಗಂಟೆಗೆ ಅವನಿಗೆ ಒಂದು ಪೈಸೆಯೂ ಇಲ್ಲ. ಮೈಗಳ್ಳತನ ಮಾಡಿದನೇ? ಇಲ್ಲ. ಬಿಸಿಲಲ್ಲಿ ನಿಂತಿದ್ದ, ಪೆಟ್ರೋಲ್ ಸುಟ್ಟು ಬಂದಿದ್ದ, ಕರೆದರೆ ಹೊರಡಲು ಸಿದ್ಧ ಇದ್ದ. ಯಾರೂ ಕರೆಯಲಿಲ್ಲ ಅಷ್ಟೇ. ಆಗ ಕೂಲಿಯವರು ಪೇಟೆಯಲ್ಲಿ ನಿಲ್ಲುತ್ತಿದ್ದರು. ಈಗ ಆ ಪೇಟೆ ನಿಮ್ಮ ಜೇಬಿನೊಳಗೇ ಬಂದು ಕೂತಿದೆ.

ಯಜಮಾನ ಕೊನೆಗೆ ಏನು ಮಾಡುತ್ತಾನೆ ಅಂತ ನಿಮಗೆ ಗೊತ್ತು. ಎಲ್ಲರಿಗೂ ಒಂದೊಂದು ದಿನಾರ. ಆ ಕಾಲಕ್ಕೆ ಅದು ಒಂದು ದಿನದ ಕೂಲಿ, ಒಂದು ಮನೆಯ ಒಂದು ದಿನದ ಊಟ. ಒಂದೇ ಗಂಟೆ ದುಡಿದವನ ಮನೆಯಲ್ಲೂ ಮಕ್ಕಳ ಹೊಟ್ಟೆ ಅಷ್ಟೇ ಇರುತ್ತದೆ, ಅಲ್ವಾ? ಯೇಸು ಇಲ್ಲಿ ಕಾರ್ಮಿಕ ಕಾನೂನು ಬರೆಯುತ್ತಿಲ್ಲ, ದೇವರ ಔದಾರ್ಯದ ಬಗ್ಗೆ ಹೇಳುತ್ತಿದ್ದಾನೆ. ಅದನ್ನು ಒಪ್ಪುತ್ತೇನೆ. ಆದರೆ ಈ ಕಥೆಯನ್ನು ತಲೆಕೆಳಗು ಮಾಡಿ ಓದುವವರಿದ್ದಾರೆ. 'ನನ್ನ ದುಡ್ಡನ್ನು ನನಗೆ ಇಷ್ಟ ಬಂದ ಹಾಗೆ ಕೊಡುವ ಹಕ್ಕು ನನಗಿಲ್ಲವೇ ಅಂತ ಯಜಮಾನ ಕೇಳುತ್ತಾನಲ್ಲ, ಕಂಪನಿ ಕೇಳಿದರೆ ಏನು ತಪ್ಪು?' ಅಂತ ಒಬ್ಬ ಉದ್ಯಮಿ ಒಮ್ಮೆ ನನ್ನ ಮುಂದೆಯೇ ವಾದ ಹೂಡಿದರು. ಆ ಹಕ್ಕನ್ನು ಅವನು ಯಾವ ಕಡೆಗೆ ಬಳಸಿದ ಅಂತ ನೋಡಿ. ಮಾತಾದದ್ದಕ್ಕಿಂತ ಕಡಿಮೆ ಯಾರಿಗೂ ಸಿಗಲಿಲ್ಲ. ರಾತ್ರೋರಾತ್ರಿ ರೇಟ್ ಕಾರ್ಡ್ ಬದಲಿಸುವವರು ಈ ಯಜಮಾನನ ಹೆಸರು ಹೇಳುವ ಹಾಗಿಲ್ಲ.

ಈಗ ನಿಮ್ಮ ಅಪ್ಪನ ಮಾತಿಗೆ ಬರೋಣ. 'ಎಲ್ಲ ಕೆಲಸವೂ ದೇವರ ಕೆಲಸ.' ಇದು ದೊಡ್ಡ ಮಾತು. ಹದಿನಾರನೇ ಶತಮಾನದಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಇದನ್ನು ಹೇಳಿದಾಗ ಜನ ಬೆಚ್ಚಿಬಿದ್ದರು. ಅಲ್ಲಿಯವರೆಗೆ ದೇವರ ಕರೆ ಅಂದರೆ ಮಠದ ಸನ್ಯಾಸಿಗೆ, ಪಾದ್ರಿಗೆ ಮಾತ್ರ. ಹಾಲು ಕರೆಯುವವಳಿಗೂ ಚಪ್ಪಲಿ ಹೊಲಿಯುವವನಿಗೂ ಅದೇ ಕರೆ ಇದೆ ಅಂದದ್ದು ಲೂಥರ್. ನಿಮ್ಮಪ್ಪ ಪ್ರೀತಿಯಿಂದಲೇ ಹೇಳಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ನನ್ನ ತಕರಾರು ಆ 'ಸುಮ್ನೆ ದುಡಿ' ಅನ್ನುವುದರ ಮೇಲೆ. ಕೆಲಸ ಪವಿತ್ರ ಅಂದ ಮೇಲೆ ಕೂಲಿ ಎಷ್ಟು ಅಂತ ಕೇಳುವುದು ಚಿಲ್ಲರೆತನ ಅನ್ನಿಸಿಬಿಡುತ್ತದೆ. ನಮ್ಮ ಸಭೆಗಳಲ್ಲಿ ಅಡುಗೆಯವರಿಗೆ, ಕಾವಲುಗಾರನಿಗೆ ಇದೇ ಮಾತು ಹೇಳಿ ಕಡಿಮೆ ಸಂಬಳ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸತ್ಯವೇದದ ಲೆಕ್ಕ ಬೇರೆ. ಮನುಷ್ಯನನ್ನು ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದನು ಅನ್ನುವ ಮಾತು ಆದಿಕಾಂಡದ ಮೊದಲ ಅಧ್ಯಾಯದಲ್ಲೇ ಇದೆ. ತೋಟ ನೋಡಿಕೊಳ್ಳುವ ಕೆಲಸ ಬರುವುದು ಎರಡನೆಯದರಲ್ಲಿ. ಬೆವರು, ಮುಳ್ಳು, ಕಷ್ಟದ ದುಡಿಮೆ ಬರುವುದು ಮೂರನೆಯದರಲ್ಲಿ. ಅಂದರೆ ಮೊದಲು ಮನುಷ್ಯನ ಬೆಲೆ ನಿಂತಿತು, ಆಮೇಲೆ ಕೆಲಸ ಬಂತು. ನೀವು ಡೆಲಿವರಿ ಮಾಡುತ್ತೀರಿ ಅಂತ ನಿಮಗೆ ಘನತೆ ಬಂದದ್ದಲ್ಲ, ಐಡಿ ಬ್ಲಾಕ್ ಆಯಿತು ಅಂತ ಅದು ಹೋಗುವುದೂ ಇಲ್ಲ.

ಈ 'ಘನತೆ' ಅನ್ನುವ ನಮ್ಮ ಪದ ನನಗೆ ಬಹಳ ಇಷ್ಟ. ಮರ್ಯಾದೆಯನ್ನು ಇನ್ನೊಬ್ಬರು ಕೊಡಬೇಕು, ಕಿತ್ತುಕೊಳ್ಳಲೂಬಹುದು. ಘನ ಅಂದರೆ ಗಟ್ಟಿ, ತೂಕವುಳ್ಳದ್ದು. ಹೀಬ್ರೂ ಭಾಷೆಯಲ್ಲಿ 'ಕಾವೋದ್' ಅನ್ನುವ ಪದವೂ ಭಾರ ಅನ್ನುವ ಮೂಲದಿಂದಲೇ ಬಂದದ್ದು. ಎಂಟನೆಯ ಕೀರ್ತನೆಯಲ್ಲಿ ದೇವರು ಮನುಷ್ಯನಿಗೆ ಕಿರೀಟವಾಗಿ ಇಟ್ಟದ್ದು ಅದನ್ನೇ. ಲಿಫ್ಟ್ ಹತ್ತಬೇಡ ಅಂದವರು ನಿಮ್ಮ ಮರ್ಯಾದೆ ತೆಗೆದರು. ನಿಮ್ಮ ತೂಕ ಅವರ ಕೈಗೆ ಸಿಗುವುದಿಲ್ಲ. ಹಾಗಂತ ಐದನೇ ಮಹಡಿಗೆ ಮೆಟ್ಟಿಲು ಹತ್ತಿದ ಕಾಲು ನೋಯದೆ ಇರುತ್ತದೆಯೇ? ಅದಕ್ಕೇ ಬೈಬಲ್ ಘನತೆಯನ್ನು ಹೊಗಳಿ ಅಲ್ಲಿಗೇ ಕೈಬಿಡುವುದಿಲ್ಲ, ಲೆಕ್ಕಪತ್ರಕ್ಕೆ ಇಳಿಯುತ್ತದೆ.

ಧರ್ಮೋಪದೇಶಕಾಂಡ 24ನೇ ಅಧ್ಯಾಯ ನೋಡಿ. ಬಡ ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ಕೊಡಬೇಕು, ಯಾಕೆಂದರೆ ಅವನು ಅದನ್ನೇ ನಂಬಿಕೊಂಡಿದ್ದಾನೆ ಅನ್ನುತ್ತದೆ. ಅವನು ಸ್ವದೇಶದವನಾಗಲಿ ಪರದೇಶದವನಾಗಲಿ, ಒಂದೇ ನಿಯಮ. ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲಿ ಹಿಡಿದಿಟ್ಟುಕೊಂಡ ಕೂಲಿ ತಾನೇ ಬಾಯಿಬಿಟ್ಟು ಕೂಗುತ್ತದೆ. ಕೂಲಿಯವನು ಹೆದರಿ ಸುಮ್ಮನಿದ್ದರೂ ದುಡ್ಡು ಸುಮ್ಮನಿರುವುದಿಲ್ಲ.

ಅದೇ 24ನೇ ಅಧ್ಯಾಯದಲ್ಲಿ ಇನ್ನೊಂದು ಸಣ್ಣ ವಚನವಿದೆ, ಆರನೆಯದು. ಪ್ರಸಂಗಗಳಲ್ಲಿ ನಾನು ಅದನ್ನು ಕೇಳಿದ್ದೇ ಕಡಿಮೆ. ಸಾಲಕ್ಕೆ ಬೀಸುವ ಕಲ್ಲನ್ನು ಅಡವು ತೆಗೆದುಕೊಳ್ಳಬಾರದು, ಮೇಲಿನ ಕಲ್ಲನ್ನು ಮಾತ್ರ ಕೂಡ ತೆಗೆದುಕೊಳ್ಳಬಾರದು, ಹಾಗೆ ಮಾಡಿದರೆ ಜೀವವನ್ನೇ ಅಡವಿಟ್ಟುಕೊಂಡ ಹಾಗೆ ಅನ್ನುತ್ತದೆ. ನಮ್ಮ ಅಜ್ಜಿಯ ಮನೆಯಲ್ಲಿ ಬೀಸುವ ಕಲ್ಲಿತ್ತು. ಮೇಲಿನ ಕಲ್ಲು ಎತ್ತಿಕೊಂಡು ಹೋದರೆ ಕೆಳಗಿನದು ಬರೀ ಬಂಡೆ, ಅವತ್ತು ಜೋಳದ ಹಿಟ್ಟಿಲ್ಲ. ಈಗ ನಿಮ್ಮ ಬೀಸುವ ಕಲ್ಲು ಯಾವುದು ಹೇಳಿ. ಕೆಳಗಿನ ಕಲ್ಲು ಕಂತಿನ ಮೇಲೆ ತಂದ ಬೈಕ್. ಮೇಲಿನ ಕಲ್ಲು ಆ ಐಡಿ. ಬೈಕ್ ಮನೆ ಮುಂದೆಯೇ ಇರಲಿ, ಐಡಿ ಬ್ಲಾಕ್ ಆದ ನಾಲ್ಕು ದಿನ ಅದು ಬಂಡೆ. ಕಂತಿನ ತಾರೀಕು ಮಾತ್ರ ನಿಲ್ಲುವುದಿಲ್ಲ. ಕಾರಣ ಹೇಳದೆ, ಕೇಳಲು ಒಬ್ಬ ಮನುಷ್ಯನನ್ನೂ ಕೊಡದೆ ಐಡಿ ಮುಚ್ಚುವುದು ಮೋಶೆಯ ಧರ್ಮಶಾಸ್ತ್ರದ ಕಣ್ಣಲ್ಲಿ ಜೀವವನ್ನೇ ಒತ್ತೆ ಹಿಡಿದಂತೆ. ನಾನು ಇದನ್ನು ಉಪಮೆಯಾಗಿ ಹೇಳುತ್ತಿಲ್ಲ. ಆ ವಚನ ಇದ್ದದ್ದೇ ಇದಕ್ಕೆ.

'ಪಾರ್ಟ್‌ನರ್' ಅನ್ನುವ ಪದದ ಬಗ್ಗೆಯೂ ಒಂದು ಮಾತು. ಆ್ಯಪ್ ನಿಮ್ಮನ್ನು ಹಾಗೆ ಕರೆಯುತ್ತದೆ. ಸುವಾರ್ತೆಗಳಿಗೆ ಪಾಲುಗಾರನೂ ಗೊತ್ತು, ಕೂಲಿಯಾಳೂ ಗೊತ್ತು. ಮೀನುಗಾರರಾದ ಯಾಕೋಬ ಯೋಹಾನರು ಸೀಮೋನನ ಪಾಲುಗಾರರು ಅಂತ ಲೂಕ ಐದರಲ್ಲಿದೆ. ಮೀನು ಸಿಕ್ಕಾಗ ಎರಡೂ ದೋಣಿ ತುಂಬುತ್ತವೆ. ಅದೇ ಯಾಕೋಬ ಯೋಹಾನರ ಅಪ್ಪ ಜೆಬೆದಾಯನ ದೋಣಿಯಲ್ಲಿ ಕೂಲಿಯಾಳುಗಳೂ ಇದ್ದರು ಅಂತ ಮಾರ್ಕ ಒಂದನೇ ಅಧ್ಯಾಯ ಹೇಳುತ್ತದೆ. ಅವರನ್ನು ಯಾರೂ ಪಾಲುಗಾರರು ಅನ್ನಲಿಲ್ಲ. ಕೂಲಿಯಾಳು ಅನ್ನುವುದು ಅವಮಾನವೂ ಆಗಿರಲಿಲ್ಲ, ಆ ಹೆಸರಿದ್ದರೆ ಸಂಜೆಗೆ ಕೂಲಿ ಕೇಳುವ ಹಕ್ಕಿತ್ತು. ನಷ್ಟದಲ್ಲಿ ಪಾಲು ಕೊಟ್ಟು, ಲಾಭದ ದೋಣಿ ತುಂಬುವಾಗ ಕರೆಯದವರು 'ಪಾರ್ಟ್‌ನರ್' ಅಂದರೆ ಅದು ಬಾಯಿಮಾತು. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಕಾಗದದಲ್ಲಿ ಏನೇ ಬರೆದಿರಲಿ, ದರ ಕಂಪನಿ ನಿಗದಿ ಮಾಡುತ್ತದೆ, ಕೆಲಸದ ಮೇಲೆ ಕಂಪನಿ ಕಣ್ಣಿಡುತ್ತದೆ, ಹಾಗಾಗಿ ಇವರು ಕೆಲಸಗಾರರೇ ಅಂತ.

ಮುಖ ನೋಡದ ಗ್ರಾಹಕರ ವಿಷಯ. ಆದಿಕಾಂಡ 16ರಲ್ಲಿ ಹಾಗರಳ ಕಥೆ ಇದೆ. ಅವಳ ಯಜಮಾನಿ ಸಾರಯಳೂ, ಸಾರಯಳ ಗಂಡ ಅಬ್ರಾಮನೂ ಆ ಅಧ್ಯಾಯದಲ್ಲಿ ಒಂದು ಸಲವೂ ಅವಳ ಹೆಸರು ಹಿಡಿದು ಮಾತಾಡುವುದಿಲ್ಲ. 'ನನ್ನ ದಾಸಿ', 'ನಿನ್ನ ದಾಸಿ' ಅಷ್ಟೇ. ಓಡಿಹೋಗಿ ಮರಳುಗಾಡಿನ ಬುಗ್ಗೆಯ ಹತ್ತಿರ ಕೂತಾಗ ದೇವದೂತನು ಮೊದಲ ಮಾತಿಗೇ 'ಹಾಗರಳೇ' ಅನ್ನುತ್ತಾನೆ. ಅವಳು ದೇವರಿಗೆ ಒಂದು ಹೆಸರಿಡುತ್ತಾಳೆ, ನನ್ನನ್ನು ನೋಡುವ ದೇವರು ಅಂತ. ಬೈಬಲ್‌ನಲ್ಲಿ ದೇವರಿಗೆ ಹೆಸರಿಟ್ಟ ಮೊದಲಿಗಳು ಒಬ್ಬ ದಾಸಿ. ಜಿಪಿಎಸ್ ಕೂಡ ನಿಮ್ಮನ್ನು ದಿನವಿಡೀ ನೋಡುತ್ತದೆ. ಯಾವ ತಿರುವಿನಲ್ಲಿದ್ದೀರಿ, ಎಷ್ಟು ನಿಮಿಷ ತಡ, ಎಲ್ಲ ಅದಕ್ಕೆ ಗೊತ್ತು. 'ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ' ಅಂತ ದೇವದೂತ ಹಾಗರಳನ್ನು ಕೇಳಿದ ಹಾಗೆ ಅದು ಕೇಳುವುದಿಲ್ಲ. ಪಿಕಪ್ ಎಲ್ಲಿ, ಡ್ರಾಪ್ ಎಲ್ಲಿ ಅನ್ನುವುದು ಬೇರೆ ಪ್ರಶ್ನೆ.

ಇನ್ನು ಹಿರಿಯರು ಹೇಳಿದ ಸಬ್ಬತ್ತಿನ ಮಾತು. ನಿಮ್ಮ ಪತ್ರದಲ್ಲಿ ನಿಮ್ಮನ್ನು ಜಾಸ್ತಿ ಸುಡುತ್ತಿರುವುದು ಇದೇ ಅಂತ ನನಗನಿಸಿತು.

ಸಬ್ಬತ್ತಿನ ಆಜ್ಞೆ ಯಾರನ್ನು ಉದ್ದೇಶಿಸಿದೆ? ಧರ್ಮೋಪದೇಶಕಾಂಡ ಐದರಲ್ಲಿ ಪಟ್ಟಿ ಇದೆ: ನೀನು, ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶದವನು. ದಾಸ ದಾಸಿಯರು ಎತ್ತು ಕತ್ತೆ ಯಾರ ಮನೆಯಲ್ಲಿರುತ್ತವೆ? ಯಜಮಾನನ ಮನೆಯಲ್ಲಿ. 'ನಿನ್ನ ಹಾಗೆಯೇ ನಿನ್ನ ದಾಸ ದಾಸಿಯರಿಗೂ ವಿಶ್ರಾಂತಿ ಆಗಬೇಕು' ಅನ್ನುವುದು ಅದರ ತಿರುಳು. ಯಾಕೆಂದರೆ ನೀನೂ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸನಾಗಿದ್ದೆ. ವಿಶ್ರಾಂತಿ ಕೊಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಮೇಲೆ ಈ ಆಜ್ಞೆಯ ಭಾರ ಮೊದಲು ಬೀಳುತ್ತದೆ. ಭಾನುವಾರಕ್ಕೇ ಇನ್ಸೆಂಟಿವ್ ಕಟ್ಟಿಹಾಕಿದವರು ಅದನ್ನು ಹೊರಬೇಕು, ನೀವಲ್ಲ.

ಐಗುಪ್ತ ಅಂದಾಗ ನೆನಪಾಯಿತು, ವಿಮೋಚನಕಾಂಡ ಐದನೇ ಅಧ್ಯಾಯವನ್ನು ಇವತ್ತು ರಾತ್ರಿ ಓದಿ. ಮೋಶೆ ಅಲ್ಲಿಯ ಅರಸ ಫರೋಹನ ಹತ್ತಿರ ಹೋಗಿ, ನಮ್ಮ ಜನ ಅರಣ್ಯಕ್ಕೆ ಹೋಗಿ ದೇವರಿಗೆ ಹಬ್ಬ ಮಾಡಬೇಕು, ಬಿಡು ಅನ್ನುತ್ತಾನೆ. ಫರೋಹನ ಉತ್ತರ ಏನು? ಇವರು ಮೈಗಳ್ಳರು, ಅದಕ್ಕೇ ಆರಾಧನೆ ಆರಾಧನೆ ಅಂತಾರೆ. ಇನ್ನು ಮೇಲೆ ಹುಲ್ಲು ಕೊಡಬೇಡಿ, ಅವರೇ ಹುಡುಕಿಕೊಳ್ಳಲಿ, ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದು. ಆರ್ಡರ್‌ಗೆ ಸಿಗುವ ರೇಟ್ ಇಳಿದು, ಟಾರ್ಗೆಟ್ ಮಾತ್ರ ಹಾಗೇ ಉಳಿದಾಗ ನಿಮ್ಮವರು ಏನು ಮಾತಾಡಿಕೊಳ್ಳುತ್ತೀರೋ ಅದನ್ನೇ ಅಲ್ಲಿ ಇಸ್ರಾಯೇಲ್ಯರ ಮೇಸ್ತ್ರಿಗಳು ಫರೋಹನ ಮುಂದೆ ಮಾತಾಡುತ್ತಾರೆ. ದೇವರು ಆ ಕಥೆಯಲ್ಲಿ ಇಟ್ಟಿಗೆ ಮಾಡುವವರಿಗೆ, ನೀವು ಹಬ್ಬ ತಪ್ಪಿಸಿದಿರಿ ಅಂತ ಬೈಯುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಹಿರಿಯರಿಗೆ ಗೊತ್ತಿದೆಯೋ ಇಲ್ಲವೋ. ಮೊದಲ ಕ್ರೈಸ್ತರಿಗೆ ಭಾನುವಾರ ರಜೆ ಇರಲಿಲ್ಲ. ಚಕ್ರವರ್ತಿ ಕಾನ್ಸ್ಟಂಟೈನ್ ಭಾನುವಾರದ ರಜೆಯ ಆಜ್ಞೆ ಹೊರಡಿಸಿದ್ದು ಕ್ರಿ.ಶ. 321ರಲ್ಲಿ. ಅಲ್ಲಿಯವರೆಗೆ ಹೆಚ್ಚುಕಡಿಮೆ ಮುನ್ನೂರು ವರ್ಷ ವಿಶ್ವಾಸಿಗಳು ಭಾನುವಾರವೂ ದುಡಿದರು, ಅವರಲ್ಲಿ ಎಷ್ಟೋ ಜನ ದಾಸರು. ಸುಮಾರು ಕ್ರಿ.ಶ. 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಈ ಜನ ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲೇ ಸೇರಿ ಕ್ರಿಸ್ತನನ್ನು ಹಾಡಿ ಹೊಗಳುತ್ತಾರೆ, ಆಮೇಲೆ ಚದುರಿ, ಊಟಕ್ಕೆ ಮತ್ತೆ ಸೇರುತ್ತಾರೆ ಅಂತ ಇದೆ. ನಡುವಿನ ಹೊತ್ತು ಎಲ್ಲಿಗೆ ಹೋಗುತ್ತಿದ್ದರು? ಬಹಳ ಜನ ಕೆಲಸಕ್ಕೇ ಹೋಗುತ್ತಿದ್ದಿರಬೇಕು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ಭಾನುವಾರ, ಆರಾಧನೆ ಮುಗಿಸಿ ಮನೆಗೆ ಬಂದೆವು. ನೆಂಟರು ಬಂದಿದ್ದರು, ಅಡುಗೆ ಆಗಿರಲಿಲ್ಲ, ಊಟ ತರಿಸಿದೆವು. ಬಾಗಿಲಿಗೆ ಬಂದ ಹುಡುಗ ಪಾರ್ಸಲ್ ಕೊಟ್ಟು, ಒಳಗೆ ಗೋಡೆಯ ಮೇಲಿದ್ದ ಸಭೆಯ ಕ್ಯಾಲೆಂಡರ್ ನೋಡಿದ. 'ನೀವು ಅಯ್ಯನವರಾ? ಇವತ್ತು ಪ್ರಸಂಗ ಯಾವ ಭಾಗದ ಮೇಲೆ ಇತ್ತು?' ಅಂತ ಕೇಳಿದ. ನಾನು ಕೈಯಲ್ಲಿ ಬಿಸಿ ಪೊಟ್ಟಣ ಹಿಡಿದು ನಿಂತಿದ್ದೆ. ಅವತ್ತು ನಾನು ಏನು ಪ್ರಸಂಗ ಮಾಡಿದೆ ಅನ್ನುವುದು ಈಗ ನೆನಪಿಲ್ಲ. ಭಾನುವಾರ ಮಧ್ಯಾಹ್ನ ಆರ್ಡರ್ ಜಾಸ್ತಿ ಯಾಕೆ ಬೀಳುತ್ತವೆ ಅನ್ನುವುದರಲ್ಲಿ ನಮ್ಮ ಸಭೆಗಳ ಪಾಲೂ ಇದೆ. ಹಿರಿಯರನ್ನು ಕೆಣಕಲು ಇದನ್ನು ಹೇಳುತ್ತಿಲ್ಲ. ಅವರ ಮನೆಗೂ ಆಗೀಗ ಪಾರ್ಸಲ್ ಬರುತ್ತಿರಬಹುದು.

ಇಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರ ಒಂದು ಮಾತು ಉಪಯೋಗಕ್ಕೆ ಬರುತ್ತದೆ. (ಪ್ರೊಟೆಸ್ಟೆಂಟ್ ಪಂಗಡವಾದ ಸಿ.ಎಸ್.ಐ.ನವನು ಪೋಪ್ ಹೆಸರೆತ್ತಿದ ಅಂತ ಬೇಜಾರಾಗಬೇಡಿ. ನಾಜಿಗಳ ಕಾಲದಲ್ಲಿ ಪೋಲೆಂಡಿನಲ್ಲಿ ಕಲ್ಲುಕ್ವಾರಿಯಲ್ಲಿ, ಆಮೇಲೆ ರಾಸಾಯನಿಕ ಕಾರ್ಖಾನೆಯಲ್ಲಿ ಕೂಲಿ ಮಾಡಿದ ಮನುಷ್ಯ ಅವರು.) 1981ರಲ್ಲಿ ಕೆಲಸದ ಬಗ್ಗೆ ಬರೆದ ವಿಶ್ವಪತ್ರದಲ್ಲಿ (ಪೋಪ್ ಇಡೀ ಸಭೆಗೆ ಬರೆಯುವ ಪತ್ರ) ಅವರು ನೇರ ಮಾಲೀಕ, ಪರೋಕ್ಷ ಮಾಲೀಕ ಅಂತ ಎರಡು ಬಗೆ ಮಾಡುತ್ತಾರೆ. ಕೆಲಸಗಾರನ ಕೂಲಿ, ಸಮಯ, ಷರತ್ತುಗಳನ್ನು ಹಿಂದಿನಿಂದ ತೀರ್ಮಾನಿಸುವ ಎಲ್ಲರೂ, ಎಲ್ಲ ವ್ಯವಸ್ಥೆಗಳೂ ಪರೋಕ್ಷ ಮಾಲೀಕರೇ, ಮೊದಲಿಗೆ ಸರ್ಕಾರ. 'ನಾವು ಮಾಲೀಕರೇ ಅಲ್ಲ, ಬರೀ ವೇದಿಕೆ' ಅನ್ನುವ ಕಂಪನಿಯ ವಾದ ಅಲ್ಲಿ ನಿಲ್ಲುವುದಿಲ್ಲ. ಹತ್ತು ನಿಮಿಷದಲ್ಲಿ ಬೇಕು ಅನ್ನುವ ನಾವೂ ತಪ್ಪಿಸಿಕೊಳ್ಳಲಾರೆವು ಅಂತ ನಾನು ಸೇರಿಸುತ್ತೇನೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋ ಆ ಹೆಸರನ್ನು ಆರಿಸಿಕೊಂಡದ್ದೂ, 1891ರಲ್ಲಿ ಕಾರ್ಖಾನೆ ಕೂಲಿಯವರ ಪರ ಬರೆದ 13ನೇ ಲಿಯೋ ಅವರನ್ನು ನೆನೆದು. ಈಗಿನ ಕಂಪ್ಯೂಟರ್ ಬುದ್ಧಿಯ (ಎಐ) ಕಾಲದಲ್ಲೂ ಅದೇ ಪ್ರಶ್ನೆ ಎದ್ದಿದೆ ಅಂತ ಅವರೇ ಹೇಳಿದ್ದಾರೆ.

ನಮ್ಮ ಕಡೆಯವರೂ ಹಿಂದೆ ಒಮ್ಮೆ ಮಾಲೀಕರಾಗಿದ್ದರು. ದೀಕ್ಷಾಸ್ನಾನ ಪಡೆದವರನ್ನು ಜಾತಿಯವರು ಹೊರಹಾಕಿದಾಗ ಅವರ ಕಸುಬೂ ಹೋಗುತ್ತಿತ್ತು. ಆಗ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್‌ನವರು ನೇಯ್ಗೆ ಶುರುಮಾಡಿದರು, 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ವಿಶ್ವಾಸ ಅಂದಮೇಲೆ ಅನ್ನದ ದಾರಿಯನ್ನೂ ನೋಡಬೇಕು ಅನ್ನುವುದು ಅವರಿಗೆ ತಿಳಿದಿತ್ತು. ಅಲ್ಲಿಯ ಶಿಸ್ತು, ಸಂಬಳ ಎಲ್ಲ ಸರಿಯಿತ್ತು ಅಂತ ನಾನು ವಾದಿಸುವುದಿಲ್ಲ. ಬೆಟಗೇರಿಯವರಾದ ನಿಮಗೆ ಮಿಶನ್ ಕಥೆ ನಾನು ಹೇಳಬೇಕಿಲ್ಲ.

ಈಗ ಕೈಗೆ ಸಿಗುವ ಮಾತು. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ದುಡಿಯುವ ನಿಮ್ಮಂಥವರ) ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಬಂದಿದೆ. ರಾಜಸ್ಥಾನ 2023ರಲ್ಲೇ ಮಾಡಿತ್ತು. ನಮ್ಮ ಕಾಯ್ದೆಯ ಪ್ರಕಾರ ಕಂಪನಿಗಳು ನಿಮಗೆ ಕೊಡುವ ಪ್ರತಿ ಪೇಔಟ್‌ನ ಮೇಲೆ ಶೇ 1ರಿಂದ 5ರಷ್ಟು ಶುಲ್ಕವನ್ನು ಕಲ್ಯಾಣ ನಿಧಿಗೆ ಕಟ್ಟಬೇಕು. ಕರಾರು ಬದಲಿಸುವುದಾದರೆ 14 ದಿನ ಮೊದಲೇ ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ ಸರಿಯಾದ ಕಾರಣವನ್ನು ಬರೆದು ಕೊಡಬೇಕು, ಅದಕ್ಕೂ 14 ದಿನದ ನೋಟಿಸ್ ಬೇಕು. ದೂರು ಕೊಡಲು ವ್ಯವಸ್ಥೆಯೂ ಇದೆ. ಧರ್ಮೋಪದೇಶಕಾಂಡ 24ರ ಆರನೇ ವಚನ ಕನ್ನಡದ ಗೆಜೆಟ್‌ನಲ್ಲಿ ಬಂದ ಹಾಗಿದೆ ಅಂತ ನಾನು ಓದಿದಾಗ ನಕ್ಕೆ. ಕಾಯ್ದೆ ಕಾಗದದಿಂದ ಬೀದಿಗೆ ಇಳಿಯಲು ಹೊತ್ತು ಹಿಡಿಯುತ್ತದೆ, ಅದೂ ಗೊತ್ತು. ಆದರೂ ನಿಮ್ಮ ಹೆಸರು ನೋಂದಣಿ ಆಗಿದೆಯೋ ಇಲ್ಲವೋ ನೋಡಿಕೊಳ್ಳಿ. ಯೂನಿಯನ್ ಸೇರುವುದು ಕ್ರೈಸ್ತನಿಗೆ ತಕ್ಕದ್ದೇ ಅಂತ ಕೆಲವರು ಕೇಳುತ್ತಾರೆ. 13ನೇ ಲಿಯೋ 1891ರಲ್ಲೇ ತಕ್ಕದ್ದು ಅಂದರು. ನಾನೂ ಹಾಗೇ ಅನ್ನುತ್ತೇನೆ.

ಆರಾಧನೆಯ ವಿಷಯಕ್ಕೆ, ನಿಮ್ಮ ಸಭಾಪಾಲಕರ ಹತ್ತಿರ ಹೋಗಿ ಒಂದು ಮಾತು ಕೇಳಿ. ಕೊರಿಂಥದ ಸಭೆಯಲ್ಲಿ ಅನುಕೂಲವಿದ್ದವರು ಬೇಗ ಬಂದು ಉಂಡು ಮುಗಿಸುತ್ತಿದ್ದರು, ಕೆಲಸ ಮುಗಿಸಿ ತಡವಾಗಿ ಬಂದವರು ಹಸಿದುಕೊಂಡಿರುತ್ತಿದ್ದರು ಅಂತ ಪೌಲ ಆ ಸಭೆಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯವನ್ನು ಎಷ್ಟೋ ವಿದ್ವಾಂಸರು ಓದುತ್ತಾರೆ. ತಡವಾಗಿ ಬಂದವರನ್ನು ಪೌಲ ಬೈಯಲಿಲ್ಲ. ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿರಿ ಅಂದ. ಮಂಗಳವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಆರ್ಡರ್ ಕಡಿಮೆ ಅಂತ ನಿಮ್ಮಂಥ ಹುಡುಗರೇ ನನಗೆ ಹೇಳಿದ್ದಾರೆ. ಆ ಹೊತ್ತಿಗೆ ಒಂದು ಗಂಟೆ ಚರ್ಚಿನ ಬಾಗಿಲು ತೆಗೆದು, ಪ್ರಭುವಿನ ಭೋಜನದ ರೊಟ್ಟಿ ದ್ರಾಕ್ಷಾರಸ ಕೊಡಲು ಆಗುತ್ತದೆಯೇ ಅಂತ ಕೇಳಿ. ನಿಮ್ಮ ಜತೆ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ ಕೇಳಿ. ಜೊತೆಗೆ, ಚರ್ಚಿನ ಆವರಣದ ನಲ್ಲಿ, ಶೌಚಾಲಯ, ಫೋನ್ ಚಾರ್ಜಿಂಗ್ ಪ್ಲಗ್ ವಾರವಿಡೀ ನಿಮ್ಮವರಿಗೆ ತೆರೆದಿರಲಿ ಅಂತಲೂ ಕೇಳಿ. ಹಿರಿಯರನ್ನೂ ಕರೆಯಿರಿ, ಬರಬಹುದು.

ಬ್ಲಾಕ್ ಆದ ಆ ನಾಲ್ಕು ದಿನದ ಸ್ಕ್ರೀನ್‌ಶಾಟ್ ಇದ್ದರೆ ಅಳಿಸಬೇಡಿ. ಮತ್ತೆ ಹಾಗಾದರೆ ತಾರೀಕು, ಹೊತ್ತು ಬರೆದಿಟ್ಟುಕೊಂಡು ನನಗೆ ತಿಳಿಸಿ. ದೂರಿನ ಅರ್ಜಿಯನ್ನು ಇಬ್ಬರೂ ಕೂತು ಬರೆಯೋಣ.